ಎಫ್‌ಎ ಅಂಕ ಯಾರಿಗಾಗಿ?

ಸಂಪಾದಕರಿಗೆ,

ಮಾನ್ಯರೇ,

ಐದನೇ ಮತ್ತು ಎಂಟನೇ ತರಗತಿಯ ಮಕ್ಕಳನ್ನು ಅನುತ್ತೀರ್ಣಗೊಳಿಸಬೇಕೇ ಬೇಡವೇ ಎಂಬ ಚರ್ಚೆ ಕೆಲವು ವರ್ಷಗಳಿಂದ ನಿಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿಯೂ ನಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಗಳಲ್ಲಿಯೂ ಮತ್ತೆ ಮತ್ತೆ ಏಳುತ್ತಿದೆ. ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೆ ಈ ಚರ್ಚೆ ತಪ್ಪು ಜಾಗದಲ್ಲಿ ನಡೆಯುತ್ತಿದೆ ಎಂದೇ ಅನಿಸುತ್ತದೆ. ಮಾರ್ಚ್ ತಿಂಗಳಲ್ಲಿ ಮಗುವನ್ನು ಮುಂದಕ್ಕೆ ಕಳಿಸುವುದೋ ಉಳಿಸಿಕೊಳ್ಳುವುದೋ ಎಂದು ನಾವು ಜಗಳವಾಡುತ್ತೇವೆ. ಆದರೆ ಅದೇ ಮಗುವಿಗೆ ಜುಲೈನಲ್ಲಿ ಏನು ಅರ್ಥವಾಗಿರಲಿಲ್ಲ, ಅದು ಆಗಲೇ ಶಿಕ್ಷಕರ ಕಣ್ಣಿಗೆ ಬಿತ್ತೇ, ಬಿದ್ದಿದ್ದರೆ ಮರುದಿನದ ಪಾಠ ಅದಕ್ಕೆ ತಕ್ಕಂತೆ ಬದಲಾಯಿತೇ ಎಂದು ಯಾರೂ ಕೇಳುವುದಿಲ್ಲ. ಅದನ್ನು ನೋಡುವುದಕ್ಕೆಂದೇ ಇರುವ ವ್ಯವಸ್ಥೆಗೆ ರೂಪಣಾತ್ಮಕ ಮೌಲ್ಯಮಾಪನ ಎಂದು ಹೆಸರು. ಶಾಲೆಗಳಲ್ಲಿ ಎಲ್ಲರೂ ಅದನ್ನು ಎಫ್‌ಎ ಎನ್ನುತ್ತಾರೆ. ಒಂದರಿಂದ ಐದನೇ ತರಗತಿಯವರೆಗೆ ಈ ಎಫ್‌ಎಗೆ ಅಂಕ ಕೊಡುವ ಪದ್ಧತಿಯನ್ನು ಕೈಬಿಡಬೇಕು ಎಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಕಾನೂನಿನ ಮಾತು. 2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯನ್ನು ‘ಯಾರನ್ನೂ ಫೇಲು ಮಾಡಬಾರದೆಂಬ ಕಾಯ್ದೆ’ ಎಂದಷ್ಟೇ ನೆನಪಿಟ್ಟುಕೊಂಡವರು ಬಹಳ. ಆ ಕಾಯ್ದೆಯ 16ನೇ ಪ್ರಕರಣ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದು ಎಂದಿತು, 30ನೇ ಪ್ರಕರಣ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಂಡಳಿ ಪರೀಕ್ಷೆಯೂ ಕಡ್ಡಾಯವಲ್ಲ ಎಂದಿತು. ಇವೆರಡೂ ಎಲ್ಲರಿಗೂ ಗೊತ್ತು. ಇವುಗಳ ಜೊತೆಯಲ್ಲೇ 29ನೇ ಪ್ರಕರಣವು, ಮಗು ತಿಳಿದುಕೊಂಡದ್ದನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ ಮತ್ತು ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕು ಎಂದು ಹೇಳಿತ್ತು. ಪರೀಕ್ಷೆಯ ಭಯವನ್ನು ತೆಗೆದುಹಾಕಿದ್ದು ಪ್ರತಿದಿನದ ಗಮನವನ್ನು ಅದರ ಜಾಗಕ್ಕೆ ತರಲು. ಭಯ ಹೋಯಿತು, ಗಮನ ಬರಲಿಲ್ಲ. ಹೀಗಾದಾಗ 2019ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಐದು ಮತ್ತು ಎಂಟನೇ ತರಗತಿಗಳಿಗೆ ವರ್ಷಾಂತ್ಯದ ಪರೀಕ್ಷೆ, ಅದರಲ್ಲಿ ಹಿಂದೆ ಬಿದ್ದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ, ಅದರ ನಂತರವೂ ಆಗದಿದ್ದರೆ ಉಳಿಸಿಕೊಳ್ಳುವ ಬಗ್ಗೆ ಸರ್ಕಾರವೇ ತೀರ್ಮಾನಿಸಬಹುದು ಎಂದು ಮಾಡಲಾಯಿತು.

ನಮ್ಮ ರಾಜ್ಯದಲ್ಲಿ ಅದರ ಮುಂದಿನ ಕಥೆ ವಾಚಕರಿಗೆ ನೆನಪಿದ್ದೇ ಇದೆ. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ನಡೆಸಲು ಹೊರಟಾಗ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಗೊಳಿಸಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅನುಮತಿ ಕೊಟ್ಟಿತು. ಮರುವರ್ಷ ಒಂಬತ್ತನೇ ತರಗತಿಯೂ ಸೇರಿಕೊಂಡು ಅದೇ ಹಗ್ಗಜಗ್ಗಾಟ ಮತ್ತೆ ನಡೆಯಿತು. ಮಕ್ಕಳು ಪರೀಕ್ಷೆ ಬರೆದ ಮೇಲೆ, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಣೆಗೇ ತಡೆ ನೀಡಿತು. ಹತ್ತು ವರ್ಷದ ಮಗುವೊಂದು ಇಂದು ಪರೀಕ್ಷೆ ಇದೆ, ಇಲ್ಲ, ಇದೆ ಎಂಬ ಸುದ್ದಿಯನ್ನು ಟಿವಿಯಲ್ಲಿ ನೋಡುತ್ತ ಕೂರುವಂತಾದದ್ದು ನನಗೆ ಬಹಳ ನೋವು ಕೊಟ್ಟ ಸಂಗತಿ. ಅದಕ್ಕಿಂತ ಹೆಚ್ಚು ನೋವಾದದ್ದು, ಈ ಗದ್ದಲದಲ್ಲಿ ಎಫ್‌ಎ ಎಂಬುದರ ಬಗ್ಗೆ ಯಾರೊಬ್ಬರೂ ಬಾಯಿ ಬಿಡದೇ ಹೋದದ್ದು.

ಗೊತ್ತಿಲ್ಲದ ಪೋಷಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ (ಎಸ್‌ಎ) ನಡೆಯುತ್ತವೆ. ಸಂಕಲನಾತ್ಮಕ ಎಂದರೆ ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆ. ಅಷ್ಟು ದಿನ ಕಲಿತದ್ದನ್ನು ಒಟ್ಟಾಗಿ ಅಳೆಯುವುದು ಅದರ ಕೆಲಸ, ಅದಕ್ಕೆ ಅಂಕವಿರುವುದರಲ್ಲಿ ನನ್ನ ತಕರಾರಿಲ್ಲ. ರೂಪಣಾತ್ಮಕದ ಕೆಲಸ ಬೇರೆ. ಕಲಿಕೆ ಇನ್ನೂ ನಡೆಯುತ್ತಿರುವಾಗಲೇ ಮಗು ಎಲ್ಲಿ ಎಡವಿದೆ ಎಂದು ಕಂಡುಕೊಂಡು ಬೋಧನೆಯನ್ನು ತಿದ್ದಿಕೊಳ್ಳುವುದಕ್ಕೆ ಅದು ಇರುವುದು. ಅದಕ್ಕಾಗಿಯೇ ಅವಲೋಕನ, ಮೌಖಿಕ ಪ್ರಶ್ನೆ, ತಪಶೀಲು ಪಟ್ಟಿ, ಚಟುವಟಿಕೆ, ಕೃತಿ ಸಂಪುಟ (ಮಗುವಿನ ಕೆಲಸಗಳ ಸಂಗ್ರಹ) ಎಂದೆಲ್ಲ ಸಾಧನಗಳನ್ನು ಕೊಟ್ಟಿದ್ದಾರೆ. ಆದರೆ ಕೊನೆಗೆ ಇವೆಲ್ಲವೂ ಒಂದು ಅಂಕವಾಗಿ ಇಳಿಯಬೇಕು, ಆ ಅಂಕ ಕ್ರೋಡೀಕೃತ ದಾಖಲೆಗೆ ಹೋಗಬೇಕು, ಅಲ್ಲಿಂದ ಮಕ್ಕಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಏರಬೇಕು, ವರ್ಷದ ಕೊನೆಯಲ್ಲಿ ಶೇಕಡಾವಾರು ಲೆಕ್ಕ ಹಾಕಿ ಒಂದು ಶ್ರೇಣಿಯಾಗಬೇಕು: 90 ಮತ್ತು ಅದರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ.

ಈ ಇಳಿಸುವಿಕೆಯಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ನಾಲ್ಕನೇ ತರಗತಿಯ ಎರಡು ಗಣಿತ ಪುಸ್ತಕಗಳನ್ನು ಇಟ್ಟುಕೊಂಡು ಹೇಳುತ್ತೇನೆ. ವ್ಯವಕಲನದ ಮೇಲೆ ಹತ್ತು ಪ್ರಶ್ನೆಗಳ ಒಂದು ಎಫ್‌ಎ ಎಂದುಕೊಳ್ಳಿ. ಐದು ನೇರ ಲೆಕ್ಕ, ಐದು ವಾಕ್ಯ ರೂಪದ ಲೆಕ್ಕ. ಒಂದು ಮಗು ಹತ್ತನ್ನೂ ಓದಿಕೊಂಡಿದೆ, ಹತ್ತನ್ನೂ ಸರಿಯಾಗಿ ಒಂದರ ಕೆಳಗೊಂದು ಬರೆದುಕೊಂಡಿದೆ. ಆದರೆ 52ರಲ್ಲಿ 27 ಕಳೆ ಎಂದರೆ 35 ಎಂದು ಬರೆದಿದೆ; 81ರಲ್ಲಿ 46 ಕಳೆ ಎಂದರೆ 45. ಬಿಡಿಯ ಸ್ಥಾನದಲ್ಲಿ ಮೇಲಿನ ಅಂಕಿ ಚಿಕ್ಕದಾಗಿದ್ದಾಗಲೆಲ್ಲ ಅದು ಕೆಳಗಿನದರಿಂದಲೇ ಮೇಲಿನದನ್ನು ಕಳೆಯುತ್ತಿದೆ. 63ರಲ್ಲಿ 21 ಬಂದಾಗ ತಪ್ಪೇ ಇಲ್ಲ. ದಶಕ ತೆಗೆದುಕೊಳ್ಳಬೇಕಾದ ಐದೂ ಲೆಕ್ಕ ತಪ್ಪು, ತೆಗೆದುಕೊಳ್ಳಬೇಕಿಲ್ಲದ ಐದೂ ಸರಿ. ಹತ್ತಕ್ಕೆ ಐದು. ಇನ್ನೊಂದು ಮಗು ನೇರ ಲೆಕ್ಕ ಐದನ್ನೂ, ದಶಕ ತೆಗೆದುಕೊಳ್ಳುವುದೂ ಸೇರಿ, ಅಚ್ಚುಕಟ್ಟಾಗಿ ಮಾಡಿದೆ. ವಾಕ್ಯದ ಲೆಕ್ಕಗಳ ಕೆಳಗೆ ಮಾತ್ರ ಖಾಲಿ ಬಿಟ್ಟಿದೆ. ಹತ್ತಿರ ಕರೆದು ಅದೇ ಲೆಕ್ಕವನ್ನು ನಾವು ಓದಿ ಹೇಳಿದರೆ ಬಾಯಲ್ಲೇ ಉತ್ತರ ಹೇಳುತ್ತದೆ. ಅದರ ಕಷ್ಟ ಗಣಿತದಲ್ಲ, ಕನ್ನಡ ಓದಿನದು. ಅದಕ್ಕೂ ಹತ್ತಕ್ಕೆ ಐದು.

ಅಂಕವಹಿಯಲ್ಲಿ ಈ ಇಬ್ಬರೂ ಒಂದೇ. ಇಬ್ಬರಿಗೂ ಬಿ ಪ್ಲಸ್. ಮೊದಲನೆಯ ಮಗುವಿಗೆ ಬೇಕಾದದ್ದು ಕಡ್ಡಿಯ ಹತ್ತರ ಕಟ್ಟುಗಳನ್ನು ಬಿಚ್ಚಿ ಬಿಡಿಯಾಗಿಸಿ ತೋರಿಸುವ ಕೆಲವು ದಿನಗಳ ಕೆಲಸ. ಎರಡನೆಯದಕ್ಕೆ ಬೇಕಾದದ್ದು ಓದುವ ಅಭ್ಯಾಸ, ಅದು ತಿಂಗಳುಗಳ ಕೆಲಸ. ಇವರಿಬ್ಬರನ್ನೂ ಒಂದೇ ‘ಪರಿಹಾರ ಬೋಧನೆ’ ಗುಂಪಿಗೆ ಹಾಕಿ ಮತ್ತೆ ಅದೇ ವ್ಯವಕಲನದ ಲೆಕ್ಕಗಳನ್ನು ಬೋರ್ಡಿನ ಮೇಲೆ ಬರೆಸಿದರೆ ಇಬ್ಬರಿಗೂ ಪ್ರಯೋಜನವಿಲ್ಲ. ಹತ್ತಕ್ಕೆ ಐದು ಎಂಬ ಬರಹ ಶಿಕ್ಷಕರಿಗೆ ಮುಂದೇನು ಮಾಡಬೇಕೆಂದು ಹೇಳುವುದಿಲ್ಲ. ‘ದಶಕ ತೆಗೆದುಕೊಳ್ಳುವುದು ಬರುವುದಿಲ್ಲ, ಉಳಿದದ್ದು ಬರುತ್ತದೆ’ ಎಂಬ ಒಂದು ಸಾಲು ಹೇಳುತ್ತದೆ. ಆ ಸಾಲು ಬರೆಯಲು ಮಗುವಿನ ಪುಸ್ತಕವನ್ನು ಸರಿ–ತಪ್ಪಿನ ಗುರುತಿನಾಚೆಗೆ ನೋಡಬೇಕಾಗುತ್ತದೆ, ತಪ್ಪಿನೊಳಗೆ ಮಗು ಯಾವ ದಾರಿ ಹಿಡಿದಿದೆ ಎಂದು ಯೋಚಿಸಬೇಕಾಗುತ್ತದೆ. ಮೌಲ್ಯಮಾಪನವೆಂದರೆ ಆ ಯೋಚನೆಯೇ.

ಕನ್ನಡ ಓದಿನಲ್ಲಿಯೂ ಇದೇ ಮಾತು. ‘ಕತ್ತೆ’ ಎಂದು ಬರೆದದ್ದನ್ನು ‘ಕತೆ’ ಎಂದೂ ‘ಹಳ್ಳಿ’ಯನ್ನು ‘ಹಳಿ’ ಎಂದೂ ‘ಬೆಟ್ಟ’ವನ್ನು ‘ಬೆಟ’ ಎಂದೂ ಓದುವ ಮಗುವಿಗೆ ಮೂಲಾಕ್ಷರ ಗೊತ್ತಿದೆ, ಕಾಗುಣಿತ ಗೊತ್ತಿದೆ, ಒತ್ತಕ್ಷರವೊಂದೇ ಕಣ್ಣಿಗೆ ಬೀಳುತ್ತಿಲ್ಲ. ಅದರ ಪಕ್ಕದ ಮಗು ಪಾಠದ ಮೊದಲ ನಾಲ್ಕು ಸಾಲನ್ನು ಗಿಳಿಪಾಠದಂತೆ ಒಪ್ಪಿಸುತ್ತದೆ, ಐದನೇ ಸಾಲಿನ ಮೇಲೆ ಬೆರಳಿಟ್ಟರೆ ಮೌನ. ಓದಿನ ಎಫ್‌ಎಯಲ್ಲಿ ಎರಡನೆಯ ಮಗುವಿಗೇ ಹೆಚ್ಚು ಅಂಕ ಬರುತ್ತದೆ. ನಮ್ಮ ತಾಲ್ಲೂಕಿನ ಕಾಫಿ ತೋಟಗಳ ಲೈನ್ ಮನೆಗಳಿಂದ ಬರುವ, ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ಅಪ್ಪ–ಅಮ್ಮನ ಜೊತೆ ಬಂದ ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಮನೆಯಲ್ಲಿ ಬೇರೆಯೇ ಭಾಷೆಯಾಡುವ ಮಗುವಿಗೆ ಪರಿಸರ ಅಧ್ಯಯನದಲ್ಲಿ ಸಿ ಬಂದರೆ ಅದು ಪರಿಸರ ಗೊತ್ತಿಲ್ಲದ್ದಕ್ಕೆ ಬಂದದ್ದೋ ಪ್ರಶ್ನೆಯ ಕನ್ನಡ ಗೊತ್ತಿಲ್ಲದ್ದಕ್ಕೆ ಬಂದದ್ದೋ ಎಂದು ಆ ಅಕ್ಷರ ಹೇಳಲಾರದು. ಗದ್ದೆ, ತೋಟ, ಹೊಳೆಯ ಬಗ್ಗೆ ಆ ಮಗುವಿಗೆ ಗೊತ್ತಿರುವಷ್ಟು ಪಠ್ಯಪುಸ್ತಕದಲ್ಲಿಯೂ ಇರುವುದಿಲ್ಲ.

ಇನ್ನು ಆ ಅಂಕ ಹೇಗೆ ಹುಟ್ಟುತ್ತದೆ ಎಂಬ ಮಾತು. ಇದನ್ನು ಹೇಳುವಾಗ ಯಾವ ಶಿಕ್ಷಕರನ್ನೂ ದೂರುವ ಉದ್ದೇಶ ನನಗಿಲ್ಲ. ಅವರು ಸಿಕ್ಕಿಕೊಂಡಿರುವ ಪರಿಸ್ಥಿತಿಯನ್ನು ಬಲ್ಲೆ. ಎಫ್‌ಎ ಚಟುವಟಿಕೆಯಾಗಿ ಮಗುವಿಗೆ ಒಂದು ಪ್ರಾಜೆಕ್ಟ್ ಕೊಡುತ್ತಾರೆ. ಮಗು ಅದನ್ನು ಅಕ್ಕನ ಕೈಯಲ್ಲಿ ಬರೆಸಿಕೊಂಡು ಬರುತ್ತದೆ, ಇಲ್ಲವೇ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಚಿತ್ರದ ಹಾಳೆಗಳನ್ನು ತಂದು ಚಾರ್ಟಿಗೆ ಅಂಟಿಸುತ್ತದೆ. ಚಾರ್ಟ್ ಚೆನ್ನಾಗಿದ್ದರೆ ಅಂಕವೂ ಚೆನ್ನಾಗಿರುತ್ತದೆ. ಅಪ್ಪ ದಿನಗೂಲಿಗೆ ಹೋಗುವ ಮನೆಯಿಂದ ಬಂದ ಮಗು ನೋಟ್‌ಪುಸ್ತಕದ ಹಾಳೆಯಲ್ಲಿ ಪೆನ್ಸಿಲಿನಿಂದ ತಾನೇ ಬಿಡಿಸಿದ ಎಲೆಯ ಚಿತ್ರ ತಂದರೆ ಅದಕ್ಕೆ ಬಿ. ಚಟುವಟಿಕೆಗೆ ಸಮಯವೇ ಇಲ್ಲದಿದ್ದರೆ ಕಿರುಪರೀಕ್ಷೆಯೊಂದನ್ನು ಕೊಟ್ಟು ಅದರ ಅಂಕವನ್ನೇ ಹಂಚಿ ಬರೆಯುತ್ತಾರೆ. ಅಪ್‌ಲೋಡ್ ಮಾಡುವ ಕೊನೆಯ ದಿನ ಹತ್ತಿರ ಬಂದಾಗ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ನಿಂತು ಮೊಬೈಲಿನಲ್ಲಿ ಒಂದೊಂದೇ ಅಂಕ ಏರಿಸುವ ಶಿಕ್ಷಕರು ಹೆತ್ತೂರು, ಹಾನುಬಾಳು ಹೋಬಳಿಗಳ ಕಡೆ ಇದ್ದಾರೆ. ಎರಡೇ ಶಿಕ್ಷಕರಿರುವ, ನಾಲ್ಕು ಮತ್ತು ಐದನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಶಾಲೆಯಲ್ಲಿ ಆ ಒಂದು ವಾರ ಪಾಠ ನಡೆಯುವುದಿಲ್ಲ. ಮಗು ಏನು ಕಲಿತಿದೆ ಎಂದು ದಾಖಲಿಸುವ ಕೆಲಸಕ್ಕಾಗಿ ಮಗು ಕಲಿಯಬೇಕಾದ ಸಮಯವನ್ನು ತೆಗೆಯಲಾಗುತ್ತಿದೆ.

ಇದರ ಮೇಲೆ ‘ಸಿ’ ಎಂಬ ಅಕ್ಷರದ ಭಯ. ತರಗತಿಯ ಹದಿನೈದು ಮಕ್ಕಳಲ್ಲಿ ಆರು ಮಕ್ಕಳಿಗೆ ಸಿ ಎಂದು ಪ್ರಾಮಾಣಿಕವಾಗಿ ಬರೆದ ಶಿಕ್ಷಕಿಗೆ ಮೇಲಿನಿಂದ ಬರುವ ಮೊದಲ ಪ್ರಶ್ನೆ ‘ನಿಮಗೆ ಏನು ಸಹಾಯ ಬೇಕು’ ಎಂಬುದಲ್ಲ, ‘ಯಾಕೆ ಇಷ್ಟೊಂದು ಸಿ’ ಎಂಬುದು. ಅದೇ ಆರು ಮಕ್ಕಳಿಗೆ ಬಿ ಬರೆದವರನ್ನು ಯಾರೂ ಏನೂ ಕೇಳುವುದಿಲ್ಲ. ಹೀಗಿರುವಾಗ ಪಟ್ಟಿಯಲ್ಲಿ ಸಿ ಕಡಿಮೆಯಾಗುತ್ತ ಹೋಗುವುದು ಸಹಜ, ಆ ಪಟ್ಟಿಯನ್ನು ನೋಡಿ ಮಕ್ಕಳು ಕಲಿಯುತ್ತಿದ್ದಾರೆ ಎಂದು ತಾಲ್ಲೂಕು ಮಟ್ಟದಲ್ಲಿ ಅಂದುಕೊಳ್ಳುವುದೂ ಸಹಜ.

ಮಲೆನಾಡಿನ ಕಷ್ಟವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ರಾಜ್ಯಕ್ಕೆಲ್ಲ ಒಂದೇ ವೇಳಾಪಟ್ಟಿ ಮಾಡುವವರ ಗಮನಕ್ಕೆ ಇದು ಬಂದಂತಿಲ್ಲ. ಮೊದಲ ಎಫ್‌ಎ ಬರುವುದು ಜುಲೈ ತಿಂಗಳ ಸುಮಾರಿಗೆ. ಅದೇ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ ಮಳೆಯ ರಜೆ. ಬೆಳಿಗ್ಗೆ ಎದ್ದು ಜಿಲ್ಲಾಧಿಕಾರಿಗಳ ಆದೇಶ ಬಂದಿದೆಯೇ ಎಂದು ವಾಟ್ಸ್‌ಆ್ಯಪ್ ನೋಡಿಯೇ ಮಕ್ಕಳನ್ನು ಶಾಲೆಗೆ ಹೊರಡಿಸುವ ದಿನಗಳವು. ಹಳ್ಳ ದಾಟಿ ಬರುವ ಮಕ್ಕಳು ರಜೆ ಇಲ್ಲದಿದ್ದರೂ ಬರುವುದಿಲ್ಲ. ಮೂರನೆಯ ಮತ್ತು ನಾಲ್ಕನೆಯ ಎಫ್‌ಎ ಬರುವ ಕಾಲಕ್ಕೆ ಕಾಫಿ ಕೊಯ್ಲು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ತೋಟದ ಕೆಲಸಕ್ಕೆ ಹೋದ ತಾಯಂದಿರ ಹಸುಗೂಸನ್ನು ನೋಡಿಕೊಳ್ಳಲು ಐದನೇ ತರಗತಿಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಅರಸೀಕೆರೆಯಲ್ಲಿಯೋ ಕಡೂರಿನಲ್ಲಿಯೋ ಮಳೆಯ ಕಾರಣಕ್ಕೆ ತರಗತಿ ತಪ್ಪುವುದು ಅಪರೂಪ. ಆದರೂ ಎಫ್‌ಎ ನಡೆಸುವ ವಾರ ಎಲ್ಲರಿಗೂ ಒಂದೇ. ಕಾಫಿ ಹಣ್ಣನ್ನು ಯಾರೂ ಒಂದೇ ಸುತ್ತಿನಲ್ಲಿ ಕೊಯ್ದು ಮುಗಿಸುವುದಿಲ್ಲ, ಹಣ್ಣಾದದ್ದನ್ನು ನೋಡಿ ನೋಡಿ ಎರಡು ಮೂರು ಸುತ್ತು ಕೊಯ್ಯುತ್ತಾರೆ. ಪಾಠವೇ ಮುಗಿಯದ ಶಾಲೆಯಲ್ಲಿ ಆ ಪಾಠದ ಎಫ್‌ಎ ಅಂಕವನ್ನು ಇಂಥ ದಿನದೊಳಗೆ ಕೊಡಿ ಎಂದು ಕೇಳುವವರಿಗೆ ಅಷ್ಟು ತಾಳ್ಮೆಯೂ ಇಲ್ಲ. ರಜೆಯ ದಿನಗಳ ಬದಲಿಗೆ ಶನಿವಾರ ಮಧ್ಯಾಹ್ನ ತರಗತಿ ನಡೆಸಿ ಸರಿದೂಗಿಸಿ ಎನ್ನುತ್ತಾರೆ. ಸರಿದೂಗುವುದು ದಿನಗಳ ಲೆಕ್ಕವೇ ಹೊರತು ಕಲಿಕೆಯಲ್ಲ.

ಇದಲ್ಲದೆ ಬೇರೆ ಕೆಲಸಗಳು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಿಗೆ ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಾರದು ಎಂದು ಅದೇ ಕಾಯ್ದೆಯ 27ನೇ ಪ್ರಕರಣ ಹೇಳುತ್ತದೆ. 2025ರ ದಸರಾ ರಜೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳಿಸಿ, ಮುಗಿಯದಿದ್ದಾಗ ಅಕ್ಟೋಬರ್ 18ರವರೆಗೆ ಶಾಲೆಗೆ ರಜೆ ವಿಸ್ತರಿಸಲಾಯಿತು. ಅದೇ ಶೈಕ್ಷಣಿಕ ವರ್ಷದಲ್ಲಿ ಪಾಠ ಆಧಾರಿತ ಮೌಲ್ಯಾಂಕನವೂ ಬಂತು. ಒಂದು ಪಾಠ ಮುಗಿದ ತಕ್ಷಣ ಮಗುವಿಗೆ ಅರ್ಥವಾಯಿತೇ ಎಂದು ನೋಡುವ ಅದರ ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಪಾಠಕ್ಕೂ ಪ್ರತಿ ಮಗುವಿನ ಅಂಕವನ್ನು ದಾಖಲಿಸಿ ಏರಿಸಬೇಕೆಂದ ಕೂಡಲೇ ಆ ಉದ್ದೇಶ ಕಾಗದದ ಕೆಳಗೆ ಹೂತುಹೋಗುತ್ತದೆ. ಎಫ್‌ಎಗೆ ಆದದ್ದೇ ಅದಕ್ಕೂ ಆಗುವುದು ಬೇಡ.

ಇದಕ್ಕೆ ಪರ್ಯಾಯವನ್ನು ನಾವು ಹೊರಗೆಲ್ಲೋ ಹುಡುಕಬೇಕಾಗಿಲ್ಲ, ನಮ್ಮ ರಾಜ್ಯದಲ್ಲೇ ಅದು ಬೆಳೆದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕಟ್ಟಿದ ನಲಿ–ಕಲಿ ಪದ್ಧತಿಯನ್ನು 2009–10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಅದರಲ್ಲಿ ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ, ಕಾರ್ಡುಗಳಿವೆ. ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಗೋಡೆಯ ಪ್ರಗತಿ ನೋಟದಲ್ಲಿ ಮಗುವಿಗೇ ಕಾಣುತ್ತದೆ. ಎರಡು ವಾರ ಜ್ವರದಿಂದ ಮಲಗಿದ್ದ ಮಗು ವಾಪಸು ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಮಳೆಯ ರಜೆಯ ನಮ್ಮ ಊರುಗಳಿಗೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ತಟ್ಟೆ (ಅಂದರೆ ಗುಂಪು), ಸಹಪಾಠಿಯ ಸಹಾಯ ಸಾಕಾದವರು ಇನ್ನೊಂದು, ಸ್ವಂತವಾಗಿ ಮಾಡಬಲ್ಲವರು ಮತ್ತೊಂದು ಎಂದು ಮಕ್ಕಳು ಕೂರುವ ಕ್ರಮವೇ ಒಂದು ಮೌಲ್ಯಮಾಪನ. ಅದೂ ಎಲ್ಲ ಶಾಲೆಗಳಲ್ಲಿ ಹೇಗೆ ನಡೆಯಬೇಕೋ ಹಾಗೆ ನಡೆಯುತ್ತಿಲ್ಲ ಎಂಬುದನ್ನು ಬಲ್ಲೆ, ಕಾರ್ಡು ಹರಿದರೆ ಹೊಸದು ಬರಲು ವರ್ಷ ಹಿಡಿಯುತ್ತದೆ ಎಂಬುದನ್ನೂ ಬಲ್ಲೆ. ಆದರೆ ಮೂರನೇ ತರಗತಿಯವರೆಗೆ ‘ನೀನು ಎಲ್ಲಿದ್ದೀ’ ಎಂದು ಕೇಳಿಸಿಕೊಂಡ ಮಗು ನಾಲ್ಕನೇ ತರಗತಿಯ ಬಾಗಿಲು ದಾಟಿದ ಕೂಡಲೇ ‘ನಿನಗೆ ಎಷ್ಟು ಬಂತು’ ಎಂದು ಕೇಳಿಸಿಕೊಳ್ಳತೊಡಗುತ್ತದೆ. ಏಣಿ ಅಲ್ಲಿಗೆ ಮುಗಿಯುತ್ತದೆ, ಪಠ್ಯಪುಸ್ತಕ ಶುರುವಾಗುತ್ತದೆ, ಮೈಲಿಗಲ್ಲು ದಾಟಿರದ ಮಗುವಿಗಾಗಿ ಪಠ್ಯಪುಸ್ತಕ ಕಾಯುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕೈತಪ್ಪಿಹೋಗುವುದು ಹೆಚ್ಚಾಗಿ ಈ ಬಾಗಿಲಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕಗಳನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮಕ್ಕಳು ಶೇ 23.4, ಐದನೇ ತರಗತಿಯಲ್ಲಿಯೂ ಅರ್ಧಕ್ಕಿಂತ ಕಡಿಮೆ, ಶೇ 44.8. ಈ ಸಂಖ್ಯೆಗಳಷ್ಟೇ ನನ್ನ ಗಮನ ಸೆಳೆಯುವ ಇನ್ನೊಂದು ಸಂಗತಿ ಆ ಸಮೀಕ್ಷೆಯ ವಿಧಾನ. ಒಂದು ಹಾಳೆಯಲ್ಲಿ ಅಕ್ಷರ, ಪದ, ಸಣ್ಣ ಪರಿಚ್ಛೇದ, ಪುಟ್ಟ ಕಥೆ ಇರುತ್ತವೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ, ಅದು ಎಲ್ಲಿ ನಿಲ್ಲುತ್ತದೋ ಅದೇ ಅದರ ಮಟ್ಟ. ಕೆಲವೇ ನಿಮಿಷಗಳ ಕೆಲಸ. ಮನೆಗೆ ಬಂದ ಸ್ವಯಂಸೇವಕರಿಗೆ ಇಷ್ಟು ಸಮಯದಲ್ಲಿ ತಿಳಿಯುವುದು ನಾಲ್ಕು ಎಫ್‌ಎ, ಎರಡು ಎಸ್‌ಎ ಮುಗಿದ ಮೇಲೂ ಪ್ರಗತಿ ಪತ್ರದಲ್ಲಿ ಕಾಣುವುದಿಲ್ಲ.

ಅಂಕವನ್ನೂ ಕೊಟ್ಟು, ಜೊತೆಗೆ ಒಂದು ಸಾಲು ಅಭಿಪ್ರಾಯವನ್ನೂ ಬರೆದರಾಗದೇ ಎಂದು ಕೇಳುವವರಿದ್ದಾರೆ. 1988ರಲ್ಲಿ ರುತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲೆಗಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದ ಮಕ್ಕಳು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಿಗಿಂತ ಮೇಲಾಗಲಿಲ್ಲ. ತರಗತಿಯಲ್ಲಿ ನಿಂತವರಿಗೆ ಇದು ಆಶ್ಚರ್ಯದ ಮಾತಲ್ಲ. ಪುಸ್ತಕ ಕೈಗೆ ಬಂದ ಕೂಡಲೇ ಮಗು ಮೊದಲು ನೋಡುವುದು ಅಂಕವನ್ನು, ಆಮೇಲೆ ಪಕ್ಕದವನ ಅಂಕವನ್ನು. ಶಿಕ್ಷಕರು ಕೆಂಪು ಶಾಯಿಯಲ್ಲಿ ಬರೆದ ಸಾಲನ್ನು ಅದು ಓದುವುದೇ ಇಲ್ಲ.

ಇನ್ನೊಂದು ಆಕ್ಷೇಪ ಪೋಷಕರದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ಅಂಕ ಇಲ್ಲದಿದ್ದರೆ ನಮ್ಮ ಮಗು ಹೇಗೆ ಓದುತ್ತಿದೆ ಎಂದು ನಮಗೆ ಗೊತ್ತಾಗುವುದು ಹೇಗೆ ಮೇಡಂ? ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪ್ರತಿ ಟೆಸ್ಟಿಗೂ ಮಾರ್ಕ್ಸ್ ಕಾರ್ಡ್ ಕೊಡುತ್ತಾರೆ’ ಎಂದು ತೋಟದ ಕೆಲಸದ ನಡುವೆ ಅರ್ಧ ದಿನದ ಕೂಲಿ ಬಿಟ್ಟು ಸಭೆಗೆ ಬಂದ ತಾಯಿಯೊಬ್ಬರು ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಅವರಿಗೆ ನಾವು ಕೊಡುತ್ತಿರುವುದು ಉತ್ತರವಲ್ಲ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪ್ರಗತಿ ಪತ್ರ ತೋರಿಸಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಕಳಿಸುತ್ತೇವೆ. ಬಿ ಪ್ಲಸ್ ಎಂದರೆ ಅವರಿಗೆ ಏನು ತಿಳಿಯಬೇಕು? ಅದರ ಬದಲು ಅವರ ಎದುರಿಗೇ ಮಗುವಿನ ಕೈಗೆ ಒಂದು ಹೊಸ ಪುಟ ಕೊಟ್ಟು ಓದಿಸಿದರೆ, ‘ನಿಮ್ಮ ಮಗಳು ಇಷ್ಟು ಓದುತ್ತಾಳೆ, ಒತ್ತಕ್ಷರ ಬಂದಾಗ ತಡವರಿಸುತ್ತಾಳೆ, ಮುಂದಿನ ಎರಡು ತಿಂಗಳು ಅದರ ಮೇಲೆ ಕೆಲಸ ಮಾಡುತ್ತೇವೆ’ ಎಂದು ಹೇಳಿದರೆ, ಓದು ಬಾರದ ತಾಯಿಗೂ ಅದು ಅರ್ಥವಾಗುತ್ತದೆ. ಎರಡು ತಿಂಗಳ ನಂತರ ಬಂದು ‘ಈಗ ಓದಿಸಿ’ ಎಂದು ಕೇಳುವ ಹಕ್ಕೂ ಅವರಿಗೆ ಸಿಗುತ್ತದೆ. ಶಿಕ್ಷಕರಿಗೆ ಇದಕ್ಕಿಂತ ಕಟ್ಟುನಿಟ್ಟಾದ ಹೊಣೆಗಾರಿಕೆ ಬೇರೆ ಇಲ್ಲ.

ಹಾಸನ ಜಿಲ್ಲೆಯ ಜನರಿಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶವೆಂದರೆ ಅಭಿಮಾನದ ವಿಷಯ. 2019ರಲ್ಲಿ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗ ನಮ್ಮೂರಿನಲ್ಲಿಯೂ ಸಿಹಿ ಹಂಚಿದ್ದರು, ನಾನೂ ಸಂತೋಷಪಟ್ಟೆ. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಹತ್ತನೇ ತರಗತಿಯ ಶಿಕ್ಷಕರನ್ನು ಕರೆಸಿ ಕಾರಣ ಕೇಳುವುದು, ವಿಶೇಷ ತರಗತಿ, ರಾತ್ರಿ ಓದು, ಪಾಸಿಂಗ್ ಪ್ಯಾಕೇಜ್ ಎಂದು ಓಡಾಡುವುದು ಅಂದಿನಿಂದ ಇನ್ನೂ ಹೆಚ್ಚಾಗಿದೆ. ನನ್ನ ತಿಳಿವಳಿಕೆಯಲ್ಲಿ ಆ ಮಕ್ಕಳಲ್ಲಿ ಬಹುಪಾಲು ಕೈತಪ್ಪಿದ್ದು ನಾಲ್ಕು ಮತ್ತು ಐದನೇ ತರಗತಿಗಳಲ್ಲಿ, ಪ್ರಗತಿ ಪತ್ರದಲ್ಲಿ ಬಿ ಪ್ಲಸ್ ಇದ್ದ ವರ್ಷಗಳಲ್ಲಿಯೇ.

ಆದ್ದರಿಂದ ಶಾಲಾ ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುವುದಿಷ್ಟು. ಒಂದರಿಂದ ಐದನೇ ತರಗತಿಯವರೆಗೆ ನಾಲ್ಕೂ ಎಫ್‌ಎಗಳಲ್ಲಿ ಅಂಕ ಮತ್ತು ಶ್ರೇಣಿಯನ್ನು ಕೈಬಿಟ್ಟು, ಕನ್ನಡ ಮತ್ತು ಗಣಿತಕ್ಕೆ ಮಗುವಿಗೊಂದರಂತೆ ‘ಬರುವುದೇನು, ಬಾರದಿರುವುದೇನು, ಮುಂದೇನು ಮಾಡುತ್ತೇನೆ’ ಎಂಬ ಟಿಪ್ಪಣಿಯನ್ನಷ್ಟೇ ಬರೆಯಲು ಶಿಕ್ಷಕರಿಗೆ ಹೇಳಲಿ. ಇದು ಶಾಲೆಯಲ್ಲಿಯೇ ಇರುವ ಪುಸ್ತಕದಲ್ಲಿರಲಿ. ಸ್ಯಾಟ್ಸ್‌ಗೆ ಏರಿಸುವುದು ಬೇಡ, ಎಸ್‌ಎ ಅಂಕಗಳು ಅಲ್ಲಿ ಹೇಗೂ ಇರುತ್ತವೆ. ಎಫ್‌ಎ ಯಾವ ವಾರ ಎಂಬುದನ್ನು ಮಳೆ, ಕೊಯ್ಲು, ಪಾಠದ ಗತಿ ನೋಡಿಕೊಂಡು ಶಾಲೆಯೇ ನಿರ್ಧರಿಸಲಿ. ಶಾಲೆಗೆ ಭೇಟಿ ಕೊಡುವ ಸಿಆರ್‌ಪಿಗಳು (ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು) ಮತ್ತು ಶಿಕ್ಷಣ ಸಂಯೋಜಕರು ವಹಿಗಳು ಭರ್ತಿಯಾಗಿವೆಯೇ ಎಂದು ತಿರುವಿಹಾಕುವ ಬದಲು ಯಾವುದಾದರೂ ಎರಡು ಮಕ್ಕಳ ಟಿಪ್ಪಣಿ ಓದಿ, ಆ ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಎರಡೂ ಹೊಂದುತ್ತವೆಯೇ ಎಂದು ನೋಡಲಿ. ಹೊಂದದಿದ್ದರೆ ಶಿಕ್ಷಕರೊಡನೆ ಕುಳಿತು ಮಾತಾಡಲಿ, ನೋಟಿಸು ಬೇಡ.

ಮಕ್ಕಳ ತಪ್ಪುಗಳನ್ನು ಓದುವುದಕ್ಕೆ ತರಬೇತಿ ಬೇಕಾಗುತ್ತದೆ, ಅದನ್ನು ಒಪ್ಪುತ್ತೇನೆ. ಅತಿಥಿ ಶಿಕ್ಷಕರಾಗಿ ಬರುವ ಹೊಸಬರಿಗಂತೂ ಖಂಡಿತ ಬೇಕು. ಆದರೆ ಅದಕ್ಕೆ ಪ್ರೊಜೆಕ್ಟರ್ ಹಾಕಿದ ಸಭಾಂಗಣ ಬೇಡ. ಕ್ಲಸ್ಟರಿನ ಸಮಾಲೋಚನಾ ಸಭೆಗೆ ಪ್ರತಿಯೊಬ್ಬರೂ ತಮ್ಮ ತರಗತಿಯ ಎರಡೆರಡು ಗಣಿತ ಪುಸ್ತಕ ತಂದು, ಈ ಮಗು ಹೀಗೇಕೆ ಬರೆದಿದೆ ಎಂದು ಸಂಜೆಯವರೆಗೆ ಚರ್ಚಿಸಿದರೆ ಸಾಕು. ಸುತ್ತೋಲೆ ಓದುವುದಕ್ಕೆ ಹೋಗುತ್ತಿರುವ ಸಮಯದಲ್ಲಿ ಇದನ್ನು ಮಾಡಬಹುದು.

ರಾಜ್ಯದಾದ್ಯಂತ ಒಮ್ಮೆಲೇ ಬದಲಿಸುವುದು ಕಷ್ಟವಾದರೆ ಒಂದು ಹೋಬಳಿಯಿಂದಲಾದರೂ ಆರಂಭಿಸಬಹುದು. ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ಮಾರ್ಗದರ್ಶನದಲ್ಲಿ ಮಲೆನಾಡಿನ ಹೆತ್ತೂರು ಹೋಬಳಿಯ ಶಾಲೆಗಳಲ್ಲಿಯೂ ಬಯಲುಸೀಮೆಯ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿಯಲ್ಲಿಯೂ ಒಂದು ವರ್ಷ ಇದನ್ನು ನಡೆಸಿ, ಜೂನ್‌ನ ಸೇತುಬಂಧ ಪೂರ್ವ ಪರೀಕ್ಷೆಯಲ್ಲಿ (ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ವರ್ಷಾರಂಭದಲ್ಲಿ ನೋಡುವ ಪರೀಕ್ಷೆ) ಮಕ್ಕಳು ಎಲ್ಲಿದ್ದರು, ಮಾರ್ಚ್‌ನಲ್ಲಿ ಎಲ್ಲಿಗೆ ಬಂದರು ಎಂಬುದನ್ನು ಪಕ್ಕದ ಹೋಬಳಿಗಳೊಂದಿಗೆ ಹೋಲಿಸಿ ನೋಡಲಿ. ಮುಂದಿನ ವರ್ಷದ ಶೈಕ್ಷಣಿಕ ಮಾರ್ಗಸೂಚಿ ಸಿದ್ಧವಾಗುವುದು ಬೇಸಿಗೆ ರಜೆಯ ಹೊತ್ತಿನಲ್ಲಿ. ಅದು ಮುದ್ರಣಕ್ಕೆ ಹೋಗುವ ಮೊದಲು ಈ ಎರಡು ಹೋಬಳಿಗಳಿಗೆ ವಿನಾಯಿತಿ ನೀಡುವ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ನಿವೃತ್ತರಾದ ನಾವು ಕೆಲವರು ಶಾಲೆಗಳಿಗೆ ಹೋಗಿ ಮಕ್ಕಳನ್ನು ಓದಿಸಿ ಟಿಪ್ಪಣಿ ಬರೆಯುವ ಕೆಲಸದಲ್ಲಿ ಜೊತೆಯಾಗಲು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ
ಸಕಲೇಶಪುರ, ಹಾಸನ ಜಿಲ್ಲೆ